ಶಾಲಾ ಮಕ್ಕಳು ಮತ್ತು ಅಶ್ಲೀಲ ಸಾಮಗ್ರಿ: ಗಡಿಭಾಗದ ಪೋಷಕರು, ಶಿಕ್ಷಕರು ತಿಳಿದಿರಬೇಕಾದ ಕಾನೂನು

ನಮ್ಮ ಸದಸ್ಯರ ಮಕ್ಕಳು ಆರೇಳು ರಾಜ್ಯಗಳ ಶಾಲೆಗಳಲ್ಲಿ ಓದುತ್ತಿದ್ದಾರೆ. ಮಂಜೇಶ್ವರ, ಬದಿಯಡ್ಕದ ಅನುದಾನಿತ ಶಾಲೆ, ಜತ್ತ ಮತ್ತು ಅಕ್ಕಲಕೋಟೆಯ ಜಿಲ್ಲಾ ಪರಿಷತ್ ಶಾಲೆ, ತಾಳವಾಡಿ ಮತ್ತು ಹೊಸೂರಿನ ಸರಕಾರಿ ಶಾಲೆ, ಆದೋನಿ, ರಾಯದುರ್ಗ, ಮಡಕಶಿರಾ ಕಡೆಯ ಶಾಲೆ, ಹೀಗೆ ಆಡಳಿತ ಬೇರೆ, ಪಠ್ಯ ಬೇರೆ, ಪೊಲೀಸ್ ಠಾಣೆಯ ಭಾಷೆಯೂ ಬೇರೆ. ಆದರೆ ಎಲ್ಲ ಕಡೆಯ ಮಕ್ಕಳ ಕೈಗೂ ಮೊಬೈಲ್ ಬಂದಿದೆ. ಅದರೊಂದಿಗೆ ಮಕ್ಕಳು ನೋಡಬಾರದ ಚಿತ್ರಗಳೂ ವಿಡಿಯೊಗಳೂ ಬರುತ್ತಿವೆ. ಶಾಲೆಯ ವಾಟ್ಸಾಪ್ ಗುಂಪಿಗೆ ಕೆಟ್ಟ ಚಿತ್ರ ಬಂದರೆ ಯಾರಿಗೆ ಹೇಳಬೇಕು, ದೊಡ್ಡವರೊಬ್ಬರು ಮಗುವಿಗೆ ಅಂಥ ವಿಡಿಯೊ ತೋರಿಸಿದರೆ ಅದು ಅಪರಾಧವೇ, ವಿಜ್ಞಾನ ಪುಸ್ತಕದಲ್ಲಿ ದೇಹದ ಚಿತ್ರ ಇದ್ದರೆ ಅದೂ ಅಶ್ಲೀಲವೇ ಎಂಬ ಪ್ರಶ್ನೆಗಳು ಪೋಷಕರಿಗೂ ಶಿಕ್ಷಕರಿಗೂ ಏಳುವುದು ಸಹಜ.

ಈ ವಿಷಯದ ಮುಖ್ಯ ಕಾನೂನುಗಳೆಲ್ಲ ಕೇಂದ್ರದವು. ಕಾಸರಗೋಡಿಗೊಂದು, ಸೊಲ್ಲಾಪುರಕ್ಕೊಂದು ಎಂದಿಲ್ಲ. ಇನ್ನೊಂದು ಮಾತು ನಮ್ಮಂಥ ಭಾಷಾ ಅಲ್ಪಸಂಖ್ಯಾತರಿಗೆ ಬಹಳ ಮುಖ್ಯ: ನೊಂದ ಮಗು ತನಗೆ ತಿಳಿದ ಭಾಷೆಯಲ್ಲೇ ನಡೆದದ್ದನ್ನು ಹೇಳಬಹುದು, ಅದಕ್ಕೆ ಬೇಕಾದ ದುಭಾಷಿಯನ್ನು ಸರಕಾರವೇ ಒದಗಿಸಬೇಕು ಎಂದು ಕಾನೂನೇ ಹೇಳುತ್ತದೆ. ಈ ಹಕ್ಕು ತಿಳಿಯದಿದ್ದರೆ ದೂರು ಮನೆಯ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಆದ್ದರಿಂದ ಸದಸ್ಯರು ಬೇಕಾದಾಗ ತೆಗೆದು ನೋಡಿಕೊಳ್ಳಲು ಅನುಕೂಲವಾಗುವಂತೆ ಮುಖ್ಯ ಅಂಶಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ಯಾವ ಕಾನೂನು ಏನು ಹೇಳುತ್ತದೆ

ಭಾರತೀಯ ನ್ಯಾಯ ಸಂಹಿತೆ, 2023. ಹಳೆಯ ಭಾರತೀಯ ದಂಡ ಸಂಹಿತೆಯ ಬದಲಿಗೆ ಇದು 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅಶ್ಲೀಲ ಪುಸ್ತಕ, ಚಿತ್ರ, ವಸ್ತುಗಳ ಮಾರಾಟ, ಹಂಚಿಕೆ, ಪ್ರದರ್ಶನ 294ನೆಯ ಕಲಂ ಪ್ರಕಾರ ಅಪರಾಧ. ಇಲೆಕ್ಟ್ರಾನಿಕ್ ರೂಪದಲ್ಲಿ ತೋರಿಸುವುದೂ ಇದರಲ್ಲಿ ಸೇರಿದೆ. ಮೊದಲ ಬಾರಿಗೆ 2 ವರ್ಷದವರೆಗೆ ಸೆರೆವಾಸ ಮತ್ತು 5,000 ರೂಪಾಯಿವರೆಗೆ ದಂಡ. ಅದೇ ವಸ್ತುವನ್ನು ಮಗುವಿಗೆ ಮಾರಿದರೆ, ಬಾಡಿಗೆಗೆ ಕೊಟ್ಟರೆ, ಹಂಚಿದರೆ ಅಥವಾ ತೋರಿಸಿದರೆ 295ನೆಯ ಕಲಂ ಅನ್ವಯಿಸುತ್ತದೆ. ಆಗ ಶಿಕ್ಷೆ ಮೊದಲ ಬಾರಿಗೆ 3 ವರ್ಷದವರೆಗೆ, ಮತ್ತೆ ಮಾಡಿದರೆ 7 ವರ್ಷದವರೆಗೆ. ಜೊತೆಗೆ ದಂಡವೂ ಇದೆ. ಕೊಡಲು ಮುಂದಾಗುವುದು, ಪ್ರಯತ್ನಿಸುವುದು ಕೂಡ ಅಪರಾಧವೇ. ಹಳೆಯ ಕಾನೂನಿನಲ್ಲಿ ಈ ರಕ್ಷಣೆ 20 ವರ್ಷದೊಳಗಿನವರಿಗೆ ಇತ್ತು. ಹೊಸ ಸಂಹಿತೆಯಲ್ಲಿ ಮಗು ಎಂದರೆ 18 ವರ್ಷ ತುಂಬದವರು.

ಪೋಕ್ಸೊ ಕಾಯ್ದೆ, 2012. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಈ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಗೆ ಬಂತು. ಗಂಡುಮಗು, ಹೆಣ್ಣುಮಗು ಎಂಬ ಭೇದ ಇದರಲ್ಲಿಲ್ಲ. ಲೈಂಗಿಕ ಉದ್ದೇಶದಿಂದ ಮಗುವಿಗೆ ಅಶ್ಲೀಲ ಚಿತ್ರವನ್ನೋ ವಿಡಿಯೊವನ್ನೋ ತೋರಿಸುವುದು 11ನೆಯ ಕಲಂ ಪ್ರಕಾರ ಲೈಂಗಿಕ ಕಿರುಕುಳ. ಮಗುವಿನ ಮೈ ಮುಟ್ಟದಿದ್ದರೂ ಇದು ಅಪರಾಧವೇ. 12ನೆಯ ಕಲಂ ಇದಕ್ಕೆ 3 ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸುತ್ತದೆ. ಅಂಥ ಚಿತ್ರ ತೆಗೆಯಲು ಮಗುವನ್ನೇ ಬಳಸಿಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ 5 ವರ್ಷ ಸೆರೆವಾಸ, ಮತ್ತೆ ಮಾಡಿದರೆ ಕನಿಷ್ಠ 7 ವರ್ಷ.

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000. ಫೋನು, ಕಂಪ್ಯೂಟರು, ಜಾಲತಾಣದ ಮೂಲಕ ಅಶ್ಲೀಲ ವಿಷಯ ಹರಡುವುದಕ್ಕೆ 67ನೆಯ ಕಲಂ, ಲೈಂಗಿಕ ಕ್ರಿಯೆಯನ್ನೇ ತೋರಿಸುವಂಥದ್ದಕ್ಕೆ 67ಎ, ಮಕ್ಕಳನ್ನು ಆ ರೀತಿ ಚಿತ್ರಿಸಿದ್ದಕ್ಕೆ 67ಬಿ. ಕೊನೆಯದು ಬಹಳ ಬಿಗಿಯಾದದ್ದು. ಹರಡುವುದಷ್ಟೇ ಅಲ್ಲ, ಹುಡುಕುವುದು, ನೋಡುವುದು, ಇಳಿಸಿಕೊಳ್ಳುವುದು, ಸಂಗ್ರಹಿಸುವುದು ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಮೊದಲ ಬಾರಿಗೆ 5 ವರ್ಷದವರೆಗೆ ಸೆರೆವಾಸ, 10 ಲಕ್ಷ ರೂಪಾಯಿವರೆಗೆ ದಂಡ. ಈ ಕಾಯ್ದೆಯ ಪ್ರಕರಣಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನ ಅಧಿಕಾರಿ ತನಿಖೆ ಮಾಡುವಂತಿಲ್ಲ.

ಸಿನಿಮಾಟೋಗ್ರಾಫ್ ಕಾಯ್ದೆ, 1952. ‘ಎ’ ಪ್ರಮಾಣಪತ್ರದ ಚಿತ್ರವನ್ನು 18 ತುಂಬದವರಿಗೆ ಪ್ರದರ್ಶಿಸುವಂತಿಲ್ಲ. 2023ರ ತಿದ್ದುಪಡಿ ‘ಯುಎ’ ವರ್ಗವನ್ನು 7+, 13+, 16+ ಎಂದು ಮೂರು ಮಾಡಿದೆ. ಶಾಲೆಯಲ್ಲಿ ಪ್ರೊಜೆಕ್ಟರ್ ಹಾಕಿ ಮಕ್ಕಳಿಗೆ ಚಿತ್ರ ತೋರಿಸುವ ಮೊದಲು ಪ್ರಮಾಣಪತ್ರ ನೋಡಿಕೊಳ್ಳುವುದು ಒಳ್ಳೆಯದು. ವಾರ್ಷಿಕೋತ್ಸವದ ನೃತ್ಯಕ್ಕೆ ಹಾಡು ಆರಿಸುವಾಗಲೂ ಈ ಎಚ್ಚರ ಇರಲಿ.

ಇವಲ್ಲದೆ 1956ರ ಒಂದು ಹಳೆಯ ಕಾಯ್ದೆಯೂ ಇದೆ. ಅಪರಾಧ, ಕ್ರೌರ್ಯ, ಬೀಭತ್ಸ ದೃಶ್ಯಗಳನ್ನೇ ತುಂಬಿದ ಚಿತ್ರಕಥೆಗಳನ್ನು ಎಳೆಯರಿಗೆ ಮಾರುವುದನ್ನು ತಡೆಯಲು ಮಾಡಿದ ಕಾನೂನು ಅದು. ಗೋವಾದ ಸದಸ್ಯರು ಗಮನಿಸಬೇಕಾದದ್ದೆಂದರೆ, ಆ ರಾಜ್ಯಕ್ಕೆ 2003ರಿಂದಲೇ ತನ್ನದೇ ಆದ ಮಕ್ಕಳ ಕಾಯ್ದೆ ಮತ್ತು ಮಕ್ಕಳ ನ್ಯಾಯಾಲಯ ಇದೆ. ಅದು ಕೇಂದ್ರ ಕಾನೂನುಗಳ ಜೊತೆಜೊತೆಗೇ ನಡೆಯುತ್ತದೆ.

ಅಶ್ಲೀಲ ಎಂದು ಯಾವುದನ್ನು ಕರೆಯಬೇಕು

ಕಾನೂನು ‘ಅಶ್ಲೀಲ’ ಎಂಬುದಕ್ಕೆ ಪಟ್ಟಿ ಕೊಟ್ಟಿಲ್ಲ. ಕಾಮಪ್ರಚೋದಕವಾಗಿದ್ದು, ಒಟ್ಟಾರೆ ನೋಡಿದಾಗ ಓದುವವರ ಅಥವಾ ನೋಡುವವರ ಮನಸ್ಸನ್ನು ಕೆಡಿಸುವಂತಿದೆಯೇ ಎಂಬುದು ಅದರ ಅಳತೆ. ಬಹುಕಾಲ ನಮ್ಮ ನ್ಯಾಯಾಲಯಗಳು 1868ರ ಒಂದು ಇಂಗ್ಲಿಷ್ ತೀರ್ಪಿನ ಪರೀಕ್ಷೆಯನ್ನೇ ಬಳಸುತ್ತಿದ್ದವು. ಕೃತಿಯ ಒಂದು ತುಣುಕು, ದುರ್ಬಲ ಮನಸ್ಸಿನವರ ಮೇಲೆ ಅದು ಮಾಡುವ ಪರಿಣಾಮ, ಇಷ್ಟನ್ನೇ ನೋಡುವ ಪರೀಕ್ಷೆ ಅದು. 2014ರಲ್ಲಿ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕೈಬಿಟ್ಟಿತು. ಇಡೀ ಕೃತಿಯನ್ನು ನೋಡಬೇಕು, ಸಂದರ್ಭ ನೋಡಬೇಕು, ಇಂದಿನ ಸಮಾಜದ ಸಾಮಾನ್ಯ ಜನರ ಅಳತೆಯಲ್ಲಿ ನೋಡಬೇಕು ಎಂದಿತು. ಬಟ್ಟೆಯಿಲ್ಲದ ಚಿತ್ರ ಎಂಬ ಒಂದೇ ಕಾರಣಕ್ಕೆ ಅದು ಅಶ್ಲೀಲವಾಗುವುದಿಲ್ಲ. 2024ರ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯ, ಬೈಗುಳದ ಮಾತು ಕೇಳಲು ಅಸಹ್ಯವಾಗಿರಬಹುದು, ಆದರೆ ಬೈಗುಳ ಎಂದ ಮಾತ್ರಕ್ಕೆ ಅಶ್ಲೀಲ ಎನ್ನಲಾಗದು ಎಂದೂ ಹೇಳಿತು.

ಇದು ಶಾಲೆಗೆ ಏಕೆ ಮುಖ್ಯ? ಮಕ್ಕಳ ವಿಷಯ ಬಂದಾಗ ಊರಿನಲ್ಲಿ ಎರಡು ತಪ್ಪುಗಳು ನಡೆಯುತ್ತವೆ. ನಿಜವಾದ ಅಪರಾಧ ನಡೆದಾಗ ‘ಊರ ಮರ್ಯಾದೆ’ ಎಂದು ಮುಚ್ಚಿಡುತ್ತೇವೆ. ಅಪರಾಧವೇ ಅಲ್ಲದ ಪಾಠವನ್ನು, ಪುಸ್ತಕವನ್ನು ‘ಅಶ್ಲೀಲ’ ಎಂದು ಗದ್ದಲ ಎಬ್ಬಿಸುತ್ತೇವೆ. ಎರಡರಿಂದಲೂ ನಷ್ಟ ಮಗುವಿಗೇ.

ಪಾಠ, ಪುಸ್ತಕ, ಶಿಲ್ಪ ಇದರಲ್ಲಿ ಬರುವುದಿಲ್ಲ

294ನೆಯ ಕಲಮಿನಲ್ಲೇ ವಿನಾಯಿತಿ ಇದೆ. ವಿಜ್ಞಾನ, ಸಾಹಿತ್ಯ, ಕಲೆ, ವಿದ್ಯೆ ಇವುಗಳ ಹಿತಕ್ಕಾಗಿ ಪ್ರಕಟವಾದದ್ದು, ಸದುದ್ದೇಶದಿಂದ ಧಾರ್ಮಿಕ ಬಳಕೆಗೆ ಇಟ್ಟದ್ದು, ಪುರಾತನ ಸ್ಮಾರಕಗಳಲ್ಲಿ, ದೇವಾಲಯಗಳಲ್ಲಿ, ದೇವರ ತೇರಿನ ಮೇಲೆ ಕೆತ್ತಿದ ಅಥವಾ ಬರೆದ ಚಿತ್ರ ಇವು ಅಪರಾಧವಲ್ಲ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದ ಶಿಕ್ಷಕರು ದೇವಸ್ಥಾನದ ಹೊರಗೋಡೆಯ ಶಿಲ್ಪ ತೋರಿಸಿದರೆ ಯಾರೂ ದೂರು ಕೊಡುವಂತಿಲ್ಲ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠ ಮಾಡುವುದು ಶಿಕ್ಷಕರ ಕೆಲಸ. ಆ ಪಾಠವನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ದಾಟಿಸಿಬಿಟ್ಟರೆ ಮಗು ಅದನ್ನು ಮೊಬೈಲಿನಲ್ಲಿ ಹುಡುಕುತ್ತದೆ.

ದೇಹ ಸುರಕ್ಷತೆಯ ಪಾಠವನ್ನೂ ಕಾನೂನೇ ಬಯಸುತ್ತದೆ. 2020ರ ಪೋಕ್ಸೊ ನಿಯಮಗಳ ಪ್ರಕಾರ ಕೇಂದ್ರ, ರಾಜ್ಯ ಸರಕಾರಗಳು ಮಕ್ಕಳ ವಯಸ್ಸಿಗೆ ತಕ್ಕ ಪಾಠಸಾಮಗ್ರಿ ಸಿದ್ಧಪಡಿಸಬೇಕು. ತನ್ನ ದೇಹದ ರಕ್ಷಣೆ, ಅಂತರ್ಜಾಲದಲ್ಲಿ ತನ್ನ ಗುರುತಿನ ರಕ್ಷಣೆ, ಯಾರಿಗೆ ಹೇಳಬೇಕು, 1098 ಎಂದರೇನು ಎಂಬುದೆಲ್ಲ ಅದರಲ್ಲಿರಬೇಕು. 2007ರ ಸುಮಾರಿಗೆ ಕರ್ನಾಟಕ, ಮಹಾರಾಷ್ಟ್ರ ಸೇರಿ ಹಲವು ರಾಜ್ಯಗಳು ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ವಿರೋಧದ ಕಾರಣ ನಿಲ್ಲಿಸಿದ್ದವು. ಇಂದು ಕಾನೂನಿನ ದಿಕ್ಕು ಅದಕ್ಕೆ ತಿರುಗಾ ಇದೆ. 2024ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಸರಿಯಾದ ಲೈಂಗಿಕ ಶಿಕ್ಷಣ ಅಗತ್ಯ ಎಂದು ಒತ್ತಿ ಹೇಳಿದೆ.

ಹಾಗಾದರೆ ಪಾಠ ಯಾವುದು, ಕಿರುಕುಳ ಯಾವುದು ಎಂದು ಬೇರೆ ಮಾಡುವುದು ಹೇಗೆ? ಪೋಕ್ಸೊದ 11ನೆಯ ಕಲಂ ಉದ್ದೇಶವನ್ನು ನೋಡುತ್ತದೆ. ತರಗತಿಯಲ್ಲಿ ಎಲ್ಲರೆದುರು ಪುಸ್ತಕ ಹಿಡಿದು ಮಾಡುವ ಪಾಠ ಒಂದು. ಒಂದು ಮಗುವನ್ನು ಬೇರೆ ಕರೆದು, ಫೋನು ತೋರಿಸಿ, ‘ಯಾರಿಗೂ ಹೇಳಬೇಡ’ ಎನ್ನುವುದು ಇನ್ನೊಂದು. ಮಕ್ಕಳಿಗೆ ಹೇಳಿಕೊಡಬೇಕಾದ ಗುರುತು ಇದೇ: ದೊಡ್ಡವರು ಗುಟ್ಟಾಗಿಡು ಎಂದು ಏನನ್ನಾದರೂ ತೋರಿಸಿದರೆ ಅದನ್ನು ಅಮ್ಮನಿಗೋ ಟೀಚರಿಗೋ ಹೇಳಲೇಬೇಕು.

ಶಾಲೆಯ ಹೊಣೆ

ಶಾಲೆ ಸರಕಾರಿಯಾಗಿರಲಿ, ಅನುದಾನಿತವಾಗಿರಲಿ, ಖಾಸಗಿಯಾಗಿರಲಿ, ಕೆಲವು ಹೊಣೆಗಳು ಅದಕ್ಕೆ ಕಡ್ಡಾಯ.

ಒಂದು, ಸಿಬ್ಬಂದಿಯ ಹಿನ್ನೆಲೆ ಪರಿಶೀಲನೆ. ಮಕ್ಕಳೊಂದಿಗೆ ನಿತ್ಯ ಒಡನಾಟವಿರುವ ಎಲ್ಲ ಸಂಸ್ಥೆಗಳೂ ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸಬೇಕೆಂದು 2020ರ ನಿಯಮಗಳು ಹೇಳುತ್ತವೆ. ವಾಹನ ಚಾಲಕರು, ಅಡುಗೆಯವರು, ಕ್ರೀಡಾ ತರಬೇತುದಾರರು ಇದರಿಂದ ಹೊರಗಲ್ಲ.

ಎರಡು, ಮಕ್ಕಳ ರಕ್ಷಣಾ ನೀತಿ. ರಾಜ್ಯ ಸರಕಾರ ರೂಪಿಸಿದ ನೀತಿಯನ್ನು ಶಾಲೆ ಒಪ್ಪಿ ಪಾಲಿಸಬೇಕು. ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಅಥವಾ ಶಾಲಾ ವ್ಯವಸ್ಥಾಪನಾ ಸಮಿತಿಯ ಸಭೆಯಲ್ಲಿ ‘ಆ ನೀತಿಯ ಪ್ರತಿ ಎಲ್ಲಿದೆ, ಕನ್ನಡದಲ್ಲಿ ಇದೆಯೇ’ ಎಂದು ಪೋಷಕರು ಕೇಳಬಹುದು.

ಮೂರು, ಕಡ್ಡಾಯ ವರದಿ. ಪೋಕ್ಸೊ ಅಪರಾಧ ನಡೆದದ್ದು ಗೊತ್ತಾದ, ಅಥವಾ ನಡೆಯಬಹುದೆಂಬ ಆತಂಕವಿರುವ ಯಾರೇ ಆಗಲಿ 19ನೆಯ ಕಲಂ ಪ್ರಕಾರ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ. ತನ್ನ ಕೈಕೆಳಗಿನ ಸಿಬ್ಬಂದಿಯ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ 1 ವರ್ಷದವರೆಗೆ ಸೆರೆವಾಸ ಮತ್ತು ದಂಡ. ‘ಮೊದಲು ಆಡಳಿತ ಮಂಡಳಿಗೆ ಹೇಳೋಣ, ಒಳಗೊಳಗೇ ವಿಚಾರಿಸೋಣ’ ಎಂಬುದಕ್ಕೆ ಇಲ್ಲಿ ಜಾಗವಿಲ್ಲ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ವಸತಿ ಶಾಲೆಯೊಂದರ ಪ್ರಕರಣದಲ್ಲಿ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಗೊತ್ತಿದ್ದೂ ವರದಿ ಮಾಡದಿರುವುದು ಗಂಭೀರ ಅಪರಾಧ ಎಂದು ಸ್ಪಷ್ಟಪಡಿಸಿತು. ಸದುದ್ದೇಶದಿಂದ ವರದಿ ಮಾಡಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ ಎಂಬ ರಕ್ಷಣೆಯೂ ಅದೇ 19ನೆಯ ಕಲಮಿನಲ್ಲಿದೆ. ಮಗು ತಾನೇ ಹೇಳದಿದ್ದುದಕ್ಕೆ ಮಗುವಿನ ಮೇಲೆ ಎಂದೂ ಕ್ರಮವಿಲ್ಲ.

ವಾಟ್ಸಾಪ್ ಗುಂಪಿಗೆ ಕೆಟ್ಟ ಚಿತ್ರ ಬಂದರೆ

ತರಗತಿಯ ಗುಂಪಿಗೆ ಯಾರೋ ಅಶ್ಲೀಲ ವಿಡಿಯೊ ಹಾಕಿದರೆ ಮೊದಲು ನೆನಪಿಡಬೇಕಾದದ್ದು: ಅದನ್ನು ಇನ್ನೊಬ್ಬರಿಗೆ ಕಳುಹಿಸಬೇಡಿ. ‘ನೋಡಿ, ಏನು ಹಾಕಿದ್ದಾರೆ’ ಎಂದು ಇನ್ನೊಂದು ಗುಂಪಿಗೆ ದಾಟಿಸಿದರೆ ಕಳುಹಿಸಿದವರೇ ಕಾನೂನಿನ ಕೈಗೆ ಸಿಕ್ಕಿಬೀಳುತ್ತಾರೆ.

ಚಿತ್ರದಲ್ಲಿ ಇರುವುದು ಮಗುವಾದರೆ ಇನ್ನೂ ಎಚ್ಚರ ಬೇಕು. ಅಂಥದ್ದನ್ನು ಹಂಚುವ ಉದ್ದೇಶದಿಂದ ಅಳಿಸದೆ, ವರದಿ ಮಾಡದೆ ಇಟ್ಟುಕೊಳ್ಳುವುದೇ ಪೋಕ್ಸೊದ 15ನೆಯ ಕಲಂ ಪ್ರಕಾರ ಅಪರಾಧ. ತಮಿಳುನಾಡಿನ ಒಂದು ಪ್ರಕರಣದಲ್ಲಿ, ಅಂಥ ವಿಡಿಯೊ ಫೋನಿನಲ್ಲಿ ಇಟ್ಟುಕೊಂಡು ನೋಡುವುದಷ್ಟೇ ಅಪರಾಧವಲ್ಲ ಎಂದು ಮದ್ರಾಸ್ ಹೈಕೋರ್ಟ್ ಹೇಳಿತ್ತು. 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮೇಲೆ ಹೇಳಿದ ತೀರ್ಪು ಇದೇ. ಇಂಥದ್ದಕ್ಕೆ ‘ಮಕ್ಕಳ ಅಶ್ಲೀಲ ಚಿತ್ರ’ ಎಂಬ ಹೆಸರು ಸಲ್ಲದು, ಅದು ಮಗುವಿನ ಮೇಲೆ ನಡೆದ ಶೋಷಣೆಯ ಸಾಕ್ಷಿ, ಹಾಗೆಂದೇ ಕರೆಯಬೇಕು ಎಂದೂ ನ್ಯಾಯಾಲಯ ಹೇಳಿತು.

ಆದ್ದರಿಂದ ಹೀಗೆ ಮಾಡಿ. ಕಳುಹಿಸಿದ ನಂಬರು, ಗುಂಪಿನ ಹೆಸರು, ದಿನಾಂಕ, ಹೊತ್ತು ಬರೆದಿಟ್ಟುಕೊಳ್ಳಿ. ಪ್ರತಿ ಮಾಡಿಕೊಳ್ಳಬೇಡಿ. ತಡಮಾಡದೆ ಪೊಲೀಸರಿಗೆ ತಿಳಿಸಿ, ಕೇಳಿದರೆ ಆ ಫೋನನ್ನೇ ತೋರಿಸಿ. ಠಾಣೆಗೆ ಹೋಗಲು ಆಗದಿದ್ದರೆ ಕೇಂದ್ರ ಗೃಹ ಸಚಿವಾಲಯದ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿ ದೂರು ದಾಖಲಿಸಬಹುದು. ಮಹಿಳೆ ಮತ್ತು ಮಕ್ಕಳ ವಿಷಯಕ್ಕೆ ಅಲ್ಲಿ ಪ್ರತ್ಯೇಕ ವಿಭಾಗವಿದೆ. ನಮ್ಮ ಮಗುವಿನ ಚಿತ್ರವೇ ಎಲ್ಲೋ ಹರಿದಾಡುತ್ತಿದ್ದರೆ, 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಆ ಜಾಲತಾಣದ ದೂರು ಅಧಿಕಾರಿಗೆ ಬರೆದರೆ ಅವರು ನಿಗದಿತ ಗಡುವಿನೊಳಗೆ ಅದನ್ನು ತೆಗೆಯಲು ಕ್ರಮ ಕೈಗೊಳ್ಳಬೇಕು.

ತಪ್ಪು ಮಾಡಿದವನೂ ಮಗುವಾದರೆ

ಹಲವು ಸಲ ಚಿತ್ರ ಹಂಚಿದವನು ಎಂಟನೆಯದೋ ಒಂಬತ್ತನೆಯದೋ ಓದುವ ಹುಡುಗ. ಅವನಿಗೂ 18 ತುಂಬಿಲ್ಲವೆಂದರೆ ಅವನ ವಿಷಯ 2015ರ ಬಾಲ ನ್ಯಾಯ ಕಾಯ್ದೆಯಂತೆ ಬಾಲ ನ್ಯಾಯ ಮಂಡಳಿಯ ಮುಂದೆ ಬರುತ್ತದೆ. ಅವನನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಹೆಸರು ಬಹಿರಂಗ ಮಾಡುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ವ್ಯಾಪಿಸುವ ಎಂಟನೆಯ ತರಗತಿಯವರೆಗಿನ ಮಕ್ಕಳನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಹೊಡೆಯುವುದು, ಎಲ್ಲರೆದುರು ಅವಮಾನಿಸುವುದು ಅದರ 17ನೆಯ ಕಲಂ ಪ್ರಕಾರ ನಿಷಿದ್ಧ. ಆ ಹುಡುಗನಿಗೆ ಇದನ್ನು ಮೊದಲು ತೋರಿಸಿದವರು ಯಾರು ಎಂದು ಮೆಲ್ಲಗೆ ಕೇಳಬೇಕಾಗುತ್ತದೆ. ಆ ಪ್ರಶ್ನೆಯ ಹಿಂದೆ ಒಬ್ಬ ದೊಡ್ಡ ಅಪರಾಧಿ ಇರಬಹುದು. ಬೈದು ಬಾಯಿ ಮುಚ್ಚಿಸಿದರೆ ಅವನು ಸಿಗುವುದಿಲ್ಲ.

ದೂರು ಎಲ್ಲಿ, ಹೇಗೆ

ಗಡಿಭಾಗದಲ್ಲಿ ಮನೆ ಒಂದು ರಾಜ್ಯದಲ್ಲಿ, ಶಾಲೆ ಇನ್ನೊಂದರಲ್ಲಿ ಇರುವುದು ಹೊಸದೇನಲ್ಲ. ಮಂಜೇಶ್ವರದ ಮಗು ಮಂಗಳೂರಿನಲ್ಲಿ, ಜತ್ತ ತಾಲೂಕಿನ ಮಗು ವಿಜಯಪುರದಲ್ಲಿ ಓದುವುದುಂಟು. ‘ಇದು ನಮ್ಮ ವ್ಯಾಪ್ತಿಯಲ್ಲ’ ಎಂಬ ಉತ್ತರಕ್ಕೆ ಈಗ ಅವಕಾಶವಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಂ ಪ್ರಕಾರ, ಪೊಲೀಸರು ವಾರಂಟ್ ಇಲ್ಲದೆ ತನಿಖೆ ಮಾಡಬಹುದಾದ ಅಪರಾಧದ ಮಾಹಿತಿಯನ್ನು ಅದು ಎಲ್ಲೇ ನಡೆದಿರಲಿ ಯಾವ ಠಾಣೆಯಲ್ಲಾದರೂ ಕೊಡಬಹುದು. ಜನ ಇದನ್ನು ‘ಜೀರೊ ಎಫ್‌ಐಆರ್’ ಎನ್ನುತ್ತಾರೆ. ಬಾಯಿಮಾತಿನಲ್ಲಿ ಹೇಳಬಹುದು, ಇಲೆಕ್ಟ್ರಾನಿಕ್ ಮೂಲಕವೂ ಕಳುಹಿಸಬಹುದು. ಹಾಗೆ ಕಳುಹಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ದಾಖಲಾದ ಮಾಹಿತಿಯ ಪ್ರತಿ ಉಚಿತವಾಗಿ ಸಿಗಬೇಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರೆದು ಕಳುಹಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು.

ನೆನಪಿಡಬೇಕಾದ ನಂಬರು 1098. ಮಕ್ಕಳ ಸಹಾಯವಾಣಿ ಇದು. ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆ ಮಾಡಬಹುದು. ತುರ್ತಿಗೆ 112.

ಪೋಕ್ಸೊ ದೂರು ಬಂದ ಮೇಲೆ ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ತೆಗೆದುಕೊಳ್ಳಬೇಕು. ಆದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ ತೆಗೆದುಕೊಳ್ಳಬೇಕು, ಸಮವಸ್ತ್ರ ಹಾಕಿರಬಾರದು. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳಬಾರದು. ತನಿಖೆ, ವಿಚಾರಣೆಯ ಉದ್ದಕ್ಕೂ ಜೊತೆಗಿರಲು ಒಬ್ಬ ಬೆಂಬಲ ವ್ಯಕ್ತಿಯನ್ನು ಸಮಿತಿ ಒದಗಿಸಬಹುದು.

ಮಗು ತನ್ನ ಭಾಷೆಯಲ್ಲಿ ಹೇಳಲಿ

ತಾಳವಾಡಿಯ ಕನ್ನಡ ಮಾಧ್ಯಮದ ಮಗುವಿಗೆ ತಮಿಳಿನಲ್ಲಿ, ಕುಂಬಳೆಯ ಮಗುವಿಗೆ ಮಲೆಯಾಳದಲ್ಲಿ, ದಕ್ಷಿಣ ಸೊಲ್ಲಾಪುರದ ಮಗುವಿಗೆ ಮರಾಠಿಯಲ್ಲಿ ಅಂಗಡಿ-ಪೇಟೆಯ ಮಾತು ಬರಬಹುದು. ನಾಚಿಕೆಯ, ಹೆದರಿಕೆಯ ವಿಷಯ ಹೇಳಲು ಆ ಮಾತು ಸಾಲದು. ದೇಹದ ಭಾಗಗಳಿಗೆ ಮಗುವಿಗೆ ಗೊತ್ತಿರುವುದು ಮನೆಯ ಮಾತು ಮಾತ್ರ. ಅದು ಕನ್ನಡವಿರಬಹುದು, ತುಳುವಿರಬಹುದು, ಹವ್ಯಕ ಕನ್ನಡವೋ ಬಡಗವೋ ಇರಬಹುದು. ಹೇಳಿಕೆಯಲ್ಲಿ ಒಂದು ಪದ ತಪ್ಪಿ ಬರೆದರೆ ಮುಂದೆ ನ್ಯಾಯಾಲಯದಲ್ಲಿ ಮಗು ‘ಮಾತು ಬದಲಿಸಿತು’ ಎಂಬ ಆರೋಪ ಬರುತ್ತದೆ.

ಇದಕ್ಕೆ ಪೋಕ್ಸೊ ಕಾಯ್ದೆಯಲ್ಲಿ ಮೂರು ಕಡೆ ಉತ್ತರವಿದೆ. 19ನೆಯ ಕಲಂ: ಮಗು ದೂರು ಹೇಳಿದರೆ ಅದನ್ನು ಮಗುವಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ಬರೆಯಬೇಕು, ಮಗುವಿಗೆ ತಿಳಿಯದ ಭಾಷೆಯಲ್ಲಿ ಬರೆಯುತ್ತಿದ್ದರೆ ಅನುವಾದಕ ಅಥವಾ ದುಭಾಷಿಯನ್ನು ಒದಗಿಸಬೇಕು. 26ನೆಯ ಕಲಂ: ಪೊಲೀಸರು ಅಥವಾ ಮ್ಯಾಜಿಸ್ಟ್ರೇಟರು ಹೇಳಿಕೆ ದಾಖಲಿಸುವಾಗ ಅನುವಾದಕರ ನೆರವು ಪಡೆಯಬಹುದು. 38ನೆಯ ಕಲಂ: ನ್ಯಾಯಾಲಯದಲ್ಲಿ ಸಾಕ್ಷ್ಯ ಹೇಳುವಾಗಲೂ ಆ ನೆರವು ಪಡೆಯಬಹುದು. ಇದಕ್ಕೆ ಮನೆಯವರು ಹಣ ಕೊಡಬೇಕಿಲ್ಲ.

ದೊಡ್ಡವರು ಕೊಡುವ ಅರ್ಜಿಗೂ ಆಧಾರವಿದೆ. ಕುಂದುಕೊರತೆ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗಾದರೂ, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಕನ್ನಡದಲ್ಲಿ ಬರೆದ ದೂರನ್ನು ‘ಭಾಷೆ ಬರುವುದಿಲ್ಲ’ ಎಂದು ಹಿಂದಕ್ಕೆ ಕೊಟ್ಟರೆ ಈ ವಿಧಿಯನ್ನು ನೆನಪಿಸಿ.

ಗುರುತು ಗುಟ್ಟಾಗಿರಲಿ

ಮಗುವಿನ ಹೆಸರು, ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ಓಣಿ, ಇವುಗಳಲ್ಲಿ ಯಾವುದನ್ನೂ ಮಾಧ್ಯಮದಲ್ಲಿ ಹೊರಗೆಡಹುವಂತಿಲ್ಲ. ಹೊರಗೆಡಹಿದರೆ 6 ತಿಂಗಳಿಂದ 1 ವರ್ಷದವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ ಇವೆ. ನಮ್ಮ ಸಂಘಗಳ ಗುಂಪುಗಳಲ್ಲೂ ಈ ಎಚ್ಚರ ಇರಬೇಕು. ಗಡಿಯ ಊರುಗಳು ಚಿಕ್ಕವು. ‘ಇಂಥ ಊರಿನ ಕನ್ನಡ ಶಾಲೆಯ ಏಳನೆಯ ತರಗತಿಯ ಹುಡುಗಿ’ ಎಂದರೆ ಸಾಕು, ಊರಿಗೆಲ್ಲ ಗೊತ್ತಾಗಿಬಿಡುತ್ತದೆ. ನ್ಯಾಯ ಕೇಳುವ ಉತ್ಸಾಹದಲ್ಲಿ ಮಗುವಿನ ಬದುಕಿಗೆ ಇನ್ನೊಂದು ಪೆಟ್ಟು ಕೊಡಬಾರದು. ಅದೇ ರೀತಿ, ಶಾಲೆಯ ಮೇಲಿನ ದೂರನ್ನು ಭಾಷೆಯ ಜಗಳವಾಗಿ ತಿರುಗಿಸಬಾರದು. ಆರೋಪಿ ಯಾವ ಭಾಷೆಯವನು ಎಂಬುದು ಇಲ್ಲಿ ವಿಷಯವಲ್ಲ.

ಸದಸ್ಯರು ಮಾಡಬಹುದಾದ ಒಂದು ಕೆಲಸ

ಮೇಲೆ ಹೇಳಿದ ದುಭಾಷಿ ಎಲ್ಲಿಂದ ಬರಬೇಕು? 2020ರ ಪೋಕ್ಸೊ ನಿಯಮಗಳ 5ನೆಯ ನಿಯಮದಂತೆ ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ಅನುವಾದಕರ, ದುಭಾಷಿಗಳ, ಬೆಂಬಲ ವ್ಯಕ್ತಿಗಳ ಹೆಸರು-ವಿಳಾಸದ ಒಂದು ಪಟ್ಟಿ ಇಟ್ಟಿರಬೇಕು. ಪೊಲೀಸರಿಗೂ ನ್ಯಾಯಾಲಯಕ್ಕೂ ಬೇಕಾದಾಗ ಆ ಪಟ್ಟಿ ಸಿಗಬೇಕು. ಕನ್ನಡ ಬಲ್ಲವರ ಹೆಸರು ಅದರಲ್ಲಿ ಇಲ್ಲದಿದ್ದರೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಅರ್ಹತೆ ದೊಡ್ಡದೇನಲ್ಲ. ಮಗುವಿನ ಭಾಷೆ ಮತ್ತು ಆ ರಾಜ್ಯದ ಆಡಳಿತ ಭಾಷೆ ಎರಡೂ ಬಳಕೆಯ ಮಟ್ಟಕ್ಕೆ ಗೊತ್ತಿರಬೇಕು. ಅದು ತಾಯಿನುಡಿಯಾಗಿರಬಹುದು, ಪ್ರಾಥಮಿಕ ಶಾಲೆಯವರೆಗೆ ಓದಿದ ಮಾಧ್ಯಮವಾಗಿರಬಹುದು, ಅಥವಾ ಉದ್ಯೋಗದಿಂದಲೋ ಆ ಪ್ರದೇಶದಲ್ಲಿ ವಾಸವಾಗಿದ್ದರಿಂದಲೋ ಕಲಿತದ್ದಾಗಿರಬಹುದು. ಕನ್ನಡ ಶಾಲೆಯಲ್ಲಿ ಓದಿ, ಮಲೆಯಾಳ, ಮರಾಠಿ, ತಮಿಳು ಅಥವಾ ತೆಲುಗಿನಲ್ಲಿ ವ್ಯವಹಾರ ಮಾಡಿದ ನಮ್ಮ ಹಿರಿಯ ಸದಸ್ಯರು, ನಿವೃತ್ತ ಶಿಕ್ಷಕರು, ಅಂಚೆ ಕಚೇರಿ-ಬ್ಯಾಂಕುಗಳಲ್ಲಿ ಕೆಲಸ ಮಾಡಿದವರು ಇದಕ್ಕೆ ಸರಿಯಾದವರು. ಅನುವಾದಕರು ಪಕ್ಷಪಾತವಿಲ್ಲದೆ, ಸೇರಿಸದೆ, ಬಿಡದೆ, ಮಗು ಹೇಳಿದ್ದನ್ನೇ ಹೇಳಬೇಕು. ಕೇಳಿದ್ದನ್ನು ಹೊರಗೆ ಆಡಬಾರದು. ಆರೋಪಿಯೊಂದಿಗೋ ಮನೆಯವರೊಂದಿಗೋ ನಂಟಿದ್ದರೆ ಮೊದಲೇ ತಿಳಿಸಬೇಕು. ಹೆಂಗಸರು ಮುಂದೆ ಬಂದರೆ ಬಹಳ ಒಳ್ಳೆಯದು. ಇಂಥವರೇ ಬೇಕು ಎಂದು ಮಗು ಹೇಳಿದರೆ ಅದನ್ನು ಪರಿಗಣಿಸಬಹುದು. ಈ ಕೆಲಸಕ್ಕೆ ಸರಕಾರದಿಂದ ಸಂಭಾವನೆಯೂ ಇದೆ.

ಎಲ್ಲಿ ವಿಚಾರಿಸಬೇಕೆಂದರೆ: ಮಂಜೇಶ್ವರ ಕಡೆಯವರು ಕಾಸರಗೋಡು, ವಯನಾಡಿನವರು ಕಲ್ಪಟ್ಟ, ನೀಲಗಿರಿಯವರು ಊಟಿ, ಹೊಸೂರಿನವರು ಕೃಷ್ಣಗಿರಿ, ತಾಳವಾಡಿಯವರು ಈರೋಡ್, ಅಕ್ಕಲಕೋಟೆಯವರು ಸೊಲ್ಲಾಪುರ, ಜತ್ತದವರು ಸಾಂಗಲಿ, ಆದೋನಿಯವರು ಕರ್ನೂಲು, ರಾಯದುರ್ಗದವರು ಅನಂತಪುರ, ಮಡಕಶಿರಾದವರು ಪುಟ್ಟಪರ್ತಿ, ಹೀಗೆ ತಮ್ಮ ತಮ್ಮ ಜಿಲ್ಲಾ ಕೇಂದ್ರದ ಮಕ್ಕಳ ರಕ್ಷಣಾ ಘಟಕದಲ್ಲಿ. ಎರಡು ಪ್ರಶ್ನೆ ಕೇಳಿದರೆ ಸಾಕು: ‘ನಿಮ್ಮ ದುಭಾಷಿಗಳ ಪಟ್ಟಿಯಲ್ಲಿ ಕನ್ನಡದವರು ಇದ್ದಾರೆಯೇ? ನಮ್ಮ ಹೆಸರು ಸೇರಿಸಲು ಏನು ಕೊಡಬೇಕು?’

ಪ್ರತಿ ಊರಿನ ಘಟಕದಿಂದ ಕನಿಷ್ಠ ಇಬ್ಬರು ಸದಸ್ಯರು ಈ ವಿಚಾರಣೆ ಮಾಡಬೇಕೆಂದು ನಾವು ಕೋರುತ್ತೇವೆ. ಸಿಕ್ಕ ಉತ್ತರವನ್ನು ನಮಗೆ ಬರೆದು ತಿಳಿಸಿದರೆ, ಯಾವ ಜಿಲ್ಲೆಯ ಪಟ್ಟಿಯಲ್ಲಿ ಕನ್ನಡದವರು ಇದ್ದಾರೆ, ಎಲ್ಲಿ ಇಲ್ಲ ಎಂಬುದನ್ನು ಇದೇ ಪುಟದಲ್ಲಿ ಎಲ್ಲರ ಮಾಹಿತಿಗೆ ಪ್ರಕಟಿಸುತ್ತೇವೆ.